ಎಐ ತರುವ ಮೊದಲು ನಾವು ಮಾಡಿದ ಪಟ್ಟಿ

ಪೀಣ್ಯದಲ್ಲಿ ನಮ್ಮದು ಒಂದು ಮಷಿನ್ ಶಾಪ್. ಬೇರೆ ಕಂಪನಿಗಳು ಡ್ರಾಯಿಂಗ್ ಕೊಡುತ್ತವೆ, ನಾವು ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರದಲ್ಲಿ, ಬಿಡಿಭಾಗ ಮಾಡಿ ಕೊಡುತ್ತೇವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತಲ್ಲ, ಆಮೇಲೆ ನಮ್ಮ ಯಜಮಾನರು ಯಾವ ಮೀಟಿಂಗ್‌ಗೆ ಹೋದರೂ ಅದೇ ಮಾತು. "ನಾವೂ ಏನಾದ್ರೂ ಶುರು ಮಾಡ್ಬೇಕು ಕಣ್ರೀ" ಅಂದರು. ಆ "ಏನಾದ್ರೂ" ಏನು ಅಂತ ಬರೆದು ಕೊಡುವ ಕೆಲಸ ಪ್ಲಾಂಟ್ ನೋಡಿಕೊಳ್ಳುವ ನನ್ನ ತಲೆಗೆ ಬಿತ್ತು.

ಸಾಫ್ಟ್‌ವೇರ್ ಮಾರುವವರನ್ನು ಸದ್ಯಕ್ಕೆ ದೂರ ಇಟ್ಟೆ. ಒಂದೊಂದು ವಿಭಾಗಕ್ಕೂ ಹೋಗಿ, "ಯಾವ ಕೆಲಸ ಕಂಡ್ರೆ ನಿಮಗೆ ಬೇಜಾರು?" ಅಂತ ಕೇಳಿದೆ. ಎಐ ಎಲ್ಲಿ ಬೇಕು ಅಂತ ಕೇಳಿದ್ದರೆ ಯೂಟ್ಯೂಬಿನಲ್ಲಿ ನೋಡಿದ್ದನ್ನೆಲ್ಲ ಹೇಳುತ್ತಿದ್ದರು. ಬೇಜಾರು ಅಂದ ಕೂಡಲೇ ನಿಜ ಹೊರಗೆ ಬಂತು. ಅಕೌಂಟ್ಸ್‌ನವರಿಗೆ ಸಪ್ಲೈಯರ್ ಬಿಲ್ಲುಗಳನ್ನು ಟ್ಯಾಲಿಗೆ ಹೊಡೆಯುವುದು. ಮೇಂಟೆನೆನ್ಸ್‌ನವರಿಗೆ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಹಳೆಯ ರಿಪೇರಿ ಹುಡುಕುವುದು. ಮಾರ್ಕೆಟಿಂಗ್‌ಗೆ ಕೊಟೇಷನ್.

ಪ್ರತಿ ಕೆಲಸದ ಮುಂದೆ ಎರಡು ಪ್ರಶ್ನೆ ಬರೆದೆ. ಯಂತ್ರ ತಪ್ಪು ಮಾಡಿದರೆ ಅದು ಎಲ್ಲಿ ಸಿಕ್ಕಿಬೀಳುತ್ತೆ? ಸಿಕ್ಕಿಬೀಳದೇ ಹೋದರೆ ಎಷ್ಟು ನಷ್ಟ? ನಮ್ಮ ಇಡೀ ಯೋಜನೆ ನಿಂತಿರುವುದು ಈ ಎರಡರ ಮೇಲೆ. ಬಿಲ್ಲಿನಲ್ಲಿ ಜಿಎಸ್‌ಟಿ ಮೊತ್ತ ತಪ್ಪಾಗಿ ಓದಿದರೂ ಮುಂದಿನ ತಿಂಗಳು ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಸಲ್ಲಿಸಿದ ಬಿಲ್ಲುಗಳ ಮೇಲೆ ಜಿಎಸ್‌ಟಿ ಪೋರ್ಟಲ್ ಕೊಡುವ ಪಟ್ಟಿ) ಜೊತೆ ತಾಳೆ ನೋಡುವಾಗ ಗೊತ್ತಾಗುತ್ತೆ. ಹಾಗಾಗಿ ಬಿಲ್ಲು ಮೊದಲು. ಅದು ಸಲೀಸಾಗಿ ಹೋಯಿತು, ಅದರ ಬಗ್ಗೆ ಜಾಸ್ತಿ ಹೇಳುವುದಕ್ಕೇನೂ ಇಲ್ಲ.

ಕೊಟೇಷನ್ ಹಾಗಲ್ಲ. ಗ್ರಾಹಕರು ಪಿಡಿಎಫ್ ಡ್ರಾಯಿಂಗ್ ಕಳಿಸುತ್ತಾರೆ. ಅದರಲ್ಲಿ ಮಟೀರಿಯಲ್ ಯಾವುದು, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನುವುದು) ಎಷ್ಟು, ಯಾವ ಯಾವ ಆಪರೇಷನ್ ಬೇಕು ಅಂತ ತೆಗೆದು ಬೆಲೆ ಹಾಕಬೇಕು. ಟ್ರಯಲ್ ಮಾಡುವಾಗ ಒಂದು ಹಳೆಯ ಡ್ರಾಯಿಂಗ್ ಕೊಟ್ಟೆವು, ಸ್ಕ್ಯಾನ್ ಮಾಡಿದ್ದು, ಸ್ವಲ್ಪ ಮಸುಕು. 25 ಮಿಲಿಮೀಟರ್ ಬೋರ್, ಅಂದರೆ ತೂತು, ಪಕ್ಕದಲ್ಲಿ ಎಚ್7 ಅನ್ನುವ ಟಾಲರೆನ್ಸ್ ಗುರುತು. ಎಐ ಅದನ್ನು ಎಚ್11 ಅಂತ ಓದಿತು. ನೋಡೋಕೆ ಸಣ್ಣ ತಪ್ಪು. ಆದರೆ 25ರ ಬೋರಿಗೆ ಎಚ್7 ಅಂದರೆ ಹೆಚ್ಚುಕಮ್ಮಿ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗೆ ಇರಬೇಕು, ಎಚ್11 ಅಂದರೆ 130 ಮೈಕ್ರಾನ್ ತನಕ ನಡೆಯುತ್ತೆ. ಮೊದಲನೆಯದಕ್ಕೆ ತೂತನ್ನು ನಿಖರ ಅಳತೆಗೆ ತರುವ ರೀಮಿಂಗೋ ಫೈನ್ ಬೋರಿಂಗೋ ಬೇಕು, ಪ್ಲಗ್ ಗೇಜ್ ಅನ್ನುವ ಅಳತೆ ಸಾಧನ ಇಟ್ಟು ಚೆಕ್ ಮಾಡಬೇಕು. ಆ ಖರ್ಚು ಬಿಟ್ಟು ರೇಟ್ ಕೊಟ್ಟರೆ ಆರ್ಡರ್ ಖಂಡಿತ ಸಿಗುತ್ತೆ, ಪ್ರತಿ ಪೀಸಿಗೂ ಕೈಯಿಂದ ದುಡ್ಡು ಹಾಕುತ್ತೇವೆ ಅಷ್ಟೇ!

ಅದಕ್ಕೇ ಇಲ್ಲಿ ಎಐಗೆ ಅರ್ಧ ಕೆಲಸ ಮಾತ್ರ. ಡ್ರಾಯಿಂಗಿನಿಂದ ಅಳತೆಗಳನ್ನು ತೆಗೆದು ಪಟ್ಟಿ ಮಾಡಿ ಕೊಡುತ್ತೆ, ಪ್ರತಿ ಅಳತೆಯ ಪಕ್ಕ ಡ್ರಾಯಿಂಗಿನ ಆ ತುಣುಕನ್ನೂ ತೋರಿಸುತ್ತೆ. ನಮ್ಮ ಎಸ್ಟಿಮೇಷನ್ ಮೇಡಂ ಎರಡನ್ನೂ ನೋಡಿ ಟಿಕ್ ಹಾಕಿದರೆ ಮಾತ್ರ ಬೆಲೆ ಲೆಕ್ಕ ಶುರು. ಬೆಲೆ ಹಾಕುವುದು ಹಳೆಯ ಎಕ್ಸೆಲ್ ಶೀಟೇ. ಅದನ್ನು ಎಐಗೆ ಕೊಡುವ ಯೋಚನೆ ನನಗಿಲ್ಲ. ಗುಣಾಕಾರ ಮಾಡೋಕೆ ಎಕ್ಸೆಲ್ ಸಾಕಲ್ವಾ?

ಡ್ರಾಯಿಂಗ್ ಗ್ರಾಹಕರ ಸ್ವತ್ತು, ಅದಕ್ಕೆ ಎನ್‌ಡಿಎ, ಅಂದರೆ ಗುಟ್ಟು ಕಾಯುವ ಒಪ್ಪಂದಕ್ಕೆ, ಸಹಿ ಹಾಕಿರುತ್ತೇವೆ. ಹುಡುಗರು ಮೊಬೈಲಿನಲ್ಲಿ ಫ್ರೀ ಖಾತೆ ತೆರೆದು ಅದಕ್ಕೆ ಡ್ರಾಯಿಂಗ್ ಹಾಕಿದರೆ ಮುಗೀತು ಕಥೆ. ಚಾಟ್‌ಜಿಪಿಟಿಯ ಫ್ರೀ ಖಾತೆಯಲ್ಲಿ ಸೆಟ್ಟಿಂಗ್ ಆಫ್ ಮಾಡದಿದ್ದರೆ ನಾವು ಹಾಕಿದ್ದು ಮಾಡೆಲ್ ತರಬೇತಿಗೆ ಹೋಗಬಹುದು. ಕಂಪನಿಗಳ ಖಾತೆಯಲ್ಲಿ, ನಾವಾಗಿಯೇ ಒಪ್ಪದಿದ್ದರೆ, ಹಾಗೆ ಬಳಸುವುದಿಲ್ಲ. ಸುಮ್ನೆ "ಬಳಸಬೇಡಿ" ಅಂತ ನೋಟಿಸ್ ಅಂಟಿಸಿದರೆ ಕದ್ದು ಬಳಸುತ್ತಾರೆ. ಹಾಗಾಗಿ ಕಂಪನಿ ಖಾತೆ ತೆಗೆದುಕೊಟ್ಟು, ಏನು ಹಾಕಬಾರದು ಅಂತ ಕನ್ನಡದಲ್ಲಿ ಅರ್ಧ ಪುಟ ಬರೆದು ಕೊಟ್ಟೆವು. ಎನ್‌ಡಿಎ ಇರುವ ಡ್ರಾಯಿಂಗಿಗೆ ಗ್ರಾಹಕರ ಒಪ್ಪಿಗೆ ಇಮೇಲ್‌ನಲ್ಲಿ ಬರಬೇಕು. ಕೆಲವರು ಒಪ್ಪಿಲ್ಲ, ಅವರದ್ದು ಇವತ್ತಿಗೂ ಕೈಯಲ್ಲೇ. ನೌಕರರ ಆಧಾರ್, ಸಂಬಳ, ಮೆಡಿಕಲ್ ಕಾಗದ ಯಾವ ಕಾರಣಕ್ಕೂ ಹಾಕುವ ಹಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇರಲಿ, ಇಲ್ಲದಿರಲಿ, ಅದು ಮರ್ಯಾದೆಯ ವಿಷಯ.

ಒಬ್ಬ ಕನ್ಸಲ್ಟೆಂಟ್ ಐಎಸ್‌ಒ 42001 ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅಂತ ಬಂದಿದ್ದರು. ಎಐ ಆಡಳಿತಕ್ಕೆ ಅಂತಲೇ 2023ರಲ್ಲಿ ಬಂದ ಮಾನದಂಡ ಅದು, ಒಳ್ಳೆಯದೇ. ಆದರೆ ಕೇಳುವ ಗ್ರಾಹಕರಿಲ್ಲದೆ ನಮ್ಮ ಗಾತ್ರದವರಿಗೆ ಗೋಡೆಗೆ ಒಂದು ಫ್ರೇಮ್ ಜಾಸ್ತಿ ಆಗುತ್ತೆ ಅಷ್ಟೇ.

ಶಾಪ್ ಫ್ಲೋರ್‌ನಲ್ಲಿ ಬೇರೆ ಭಯ. "ಸಾರ್, ಇದು ಬಂದ್ರೆ ನಮ್ಮನ್ನ ತೆಗೀತಾರಾ?" ಅಂತ ಒಬ್ಬ ಹಿರಿಯ ಫಿಟ್ಟರ್ ನೇರವಾಗಿ ಕೇಳಿದರು. ಉತ್ತರ ನಾನು ಕೊಡುವುದು ಸರಿಯಲ್ಲ ಅಂತ ಯಜಮಾನರನ್ನೇ ಕರೆಸಿದೆ. ಈ ಯೋಜನೆಯಿಂದ ಯಾರನ್ನೂ ತೆಗೆಯುವುದಿಲ್ಲ ಅಂತ ಅವರು ಎಲ್ಲರ ಮುಂದೆ ಹೇಳಿದರು. ಆ ಮೇಲೆ ರಿಜಿಸ್ಟರ್ ಕೆಲಸ ಸರಾಗವಾಯಿತು. ಈಗ ರಿಪೇರಿ ಮುಗಿದ ಮೇಲೆ ಫಿಟ್ಟರ್ ಫೋನಿಗೆ ಕನ್ನಡದಲ್ಲೇ ಹೇಳುತ್ತಾರೆ: "ಮೂರನೇ ಮಷಿನ್, ಸ್ಪಿಂಡಲ್ ಕುಯ್ ಅಂತಿತ್ತು, ಬೆಲ್ಟ್ ಸಡಿಲ." ಅದು ಅಕ್ಷರವಾಗಿ ಕೂರುತ್ತೆ, ಸೂಪರ್‌ವೈಸರ್ ಒಮ್ಮೆ ನೋಡಿ ತಿದ್ದುತ್ತಾರೆ. ಹುಬ್ಬಳ್ಳಿ ಕಡೆಯವರ ಮಾತಿಗೆ ತಿದ್ದುವುದು ಸ್ವಲ್ಪ ಜಾಸ್ತಿ.

ಕ್ಯಾಮೆರಾ ಇಟ್ಟು ಪೀಸ್ ಇನ್‌ಸ್ಪೆಕ್ಷನ್ ಮಾಡಿಸುವುದು ಪಟ್ಟಿಯ ಕೊನೆಯಲ್ಲಿದೆ. ಯಜಮಾನರಿಗೆ ಅದೇ ಮೊದಲು ಬೇಕಿತ್ತು. ಆದರೆ ಕೆಟ್ಟ ಪೀಸ್ ದಾಟಿಕೊಂಡು ಹೋದರೆ ಸಿಕ್ಕಿಬೀಳುವುದು ಗ್ರಾಹಕರ ಅಸೆಂಬ್ಲಿ ಲೈನಿನಲ್ಲೇ. ಮೇಲಾಗಿ, ಕೆಟ್ಟ ಪೀಸ್ ಹೇಗಿರುತ್ತೆ ಅಂತ ಕಲಿಸೋಕೆ ಬೇಕಾದಷ್ಟು ಫೋಟೊ ನಮ್ಮ ಹತ್ತಿರ ಇಲ್ಲ. ಈಗ ರಿಜೆಕ್ಟ್ ಆದದ್ದಕ್ಕೆಲ್ಲ ಒಂದೇ ಬೆಳಕಿನಲ್ಲಿ ಫೋಟೊ ತೆಗೆದು, ಗೀರು, ಬರ್ (ಅಂಚಿನಲ್ಲಿ ಉಳಿಯುವ ಚೂಪು ಲೋಹ), ತುಕ್ಕು ಅಂತ ಕಾರಣ ಬರೆದು ಇಡುತ್ತಿದ್ದೇವೆ. ಸಾಕಷ್ಟು ಸೇರಿದ ಮೇಲೆ ಕ್ಯಾಮೆರಾದವರನ್ನು ಕರೆಸುತ್ತೇವೆ. ಡೆಮೊಗೆ ಅವರು ಫಳಫಳ ಹೊಳೆಯುವ ಸ್ಯಾಂಪಲ್ ತರುವುದು ಬೇಡ. ಪೀಸ್ ನಾವೇ ಕೊಡುತ್ತೇವೆ, ಕೂಲಂಟ್ ಎಣ್ಣೆ ಸಮೇತ.