ಪ್ರತ್ಯಯ ಹಿಡಿದು ಪದಬಂಧ ಬಿಡಿಸಿದ್ದು: ನನ್ನ ಅನುಭವ

ಸಾಮಾನ್ಯ ಪದಬಂಧದ ಸುಳಿವು ಅರ್ಥವನ್ನಷ್ಟೇ ಕೇಳುತ್ತದೆ. ಕ್ರಿಪ್ಟಿಕ್ ಪದಬಂಧದ ಸುಳಿವು ಉತ್ತರವನ್ನು ಒಂದೇ ವಾಕ್ಯದಲ್ಲಿ ಎರಡು ಸಲ ಹೇಳುತ್ತದೆ: ವಾಕ್ಯದ ಯಾವುದಾದರೂ ಒಂದು ತುದಿಯಲ್ಲಿ ಉತ್ತರದ ನೇರವಾದ ಅರ್ಥವಿರುತ್ತದೆ, ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟಿಕೊಳ್ಳುವ ವಿಧಾನವಿರುತ್ತದೆ. ಇವೆರಡರ ಬೆಸುಗೆ ಎಲ್ಲಿದೆ ಎಂಬುದು ಗೊತ್ತಾಗದಂತೆ ಮೇಲ್ನೋಟಕ್ಕೆ ಚೆಂದದ, ಆದರೆ ಸಂಬಂಧವೇ ಇಲ್ಲದ ಮೂರನೆಯ ಅರ್ಥವೊಂದು ಹೊದಿಸಿರುತ್ತದೆ. ಸ್ನೇಹಿತರೊಬ್ಬರು ಇಂಥದೊಂದು ಪದಬಂಧವನ್ನು ಕನ್ನಡದಲ್ಲಿ ರಚಿಸಿ, ಉತ್ತರಗಳನ್ನು ತುಂಬುವುದರ ಜೊತೆಗೆ ಪ್ರತಿ ಸುಳಿವಿಗೂ ವಿವರಣೆ ಬರೆದುಕೊಡಬೇಕೆಂದು ಕೇಳಿದರು. ಉತ್ತರವನ್ನು ಊಹಿಸಿ ತುಂಬಿಬಿಡಬಹುದು. ವಿವರಣೆಯನ್ನು ಹಾಗೆ ಊಹೆಯಿಂದ ಬರೆಯಲಾಗದು. ಸುಳಿವಿನ ಪ್ರತಿಯೊಂದು ಪದಕ್ಕೂ ಅಲ್ಲಿರಲು ಕಾರಣವೇನೆಂದು ಲೆಕ್ಕ ಒಪ್ಪಿಸಬೇಕಾಗುತ್ತದೆ.

ಚೌಕಕ್ಕೆ ಒಂದು ಅಕ್ಷರ ಎಂಬ ನಿಯಮ ಇಂಗ್ಲಿಷಿನದೇ ಆದರೂ ಕನ್ನಡದಲ್ಲಿ ಅದರ ಪರಿಣಾಮ ಬೇರೆ. ಇಲ್ಲಿ ಗುಣಿತವೂ ಒತ್ತಕ್ಷರವೂ ಕೂಡಿಕೊಂಡೇ ಒಂದು ಚೌಕದಲ್ಲಿ ಕೂರುತ್ತವೆ. ಆದ್ದರಿಂದ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವ ಅವಕಾಶ ಇಂಗ್ಲಿಷಿಗಿಂತ ಬಹಳ ಕಡಿಮೆ. ಆದರೆ ಅಡ್ಡ ಮತ್ತು ಉದ್ದದ ಪದಗಳು ಕೂಡುವ ಒಂದು ಚೌಕ ತುಂಬಿತೆಂದರೆ ಅದರಿಂದ ಸಿಗುವ ಮಾಹಿತಿ ಬಹಳ ಹೆಚ್ಚು. ಪದವನ್ನು ಹಿಂದುಮುಂದಾಗಿ ಓದುವುದು, ಒಂದರೊಳಗೆ ಇನ್ನೊಂದನ್ನು ಇಡುವುದು, ತಲೆ ಅಥವಾ ಬಾಲ ಕತ್ತರಿಸುವುದು, ಇವು ಮಾತ್ರ ನಮ್ಮ ಭಾಷೆಗೆ ಹೇಳಿ ಮಾಡಿಸಿದಂತಿವೆ. ‘ಮರಾ ಮರಾ’ ಎನ್ನುತ್ತಲೇ ರಾಮನಾಮ ಜಪಿಸಿದ ವಾಲ್ಮೀಕಿಯ ಕಥೆ ಕೇಳಿ ಬೆಳೆದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಾನು ಹಿಡಿದ ಮೊದಲ ಎಳೆ ಇದು: ‘ಹಿಮ್ಮುಖವಾಗಿ ಹರಿದ ನದಿಗೆ ತೆರಿಗೆ ಸೇರಿದಾಗ ಕಂಡವನು ಸೂರ್ಯ (4)’. ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ. ಇಂಥ ವಾಕ್ಯ ಎದುರಾದಾಗ ಅದರ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ ವಿಭಕ್ತಿ ಪ್ರತ್ಯಯಗಳನ್ನು ಮಾತ್ರ ನೋಡುವುದು ನನ್ನ ಪದ್ಧತಿ. ಕನ್ನಡದ ಸುಳಿವಿನಲ್ಲಿ ಆಜ್ಞೆ ಅಡಗಿರುವುದು ಬಹುಪಾಲು ಪ್ರತ್ಯಯದಲ್ಲೇ. ‘ಗೆ’ ಎಂದರೆ ಅದರ ಮುಂದೆ ಏನನ್ನೋ ಸೇರಿಸು. ‘ಅಲ್ಲಿ’, ‘ಒಳಗೆ’ ಎಂದರೆ ಹೊಟ್ಟೆಯಲ್ಲಿಡು. ‘ಇಂದ’ ಎಂದರೆ ಹೊರಗೆ ತೆಗೆ. ಇಲ್ಲಿ ‘ನದಿ’ಯನ್ನು ಹಿಮ್ಮುಖವಾಗಿಸಿದರೆ ‘ದಿನ’, ಅದಕ್ಕೆ ತೆರಿಗೆ ಎಂದರೆ ‘ಕರ’ ಸೇರಿದರೆ ‘ದಿನಕರ’, ಅಂದರೆ ಸೂರ್ಯ. ‘ನದಿ’ ತಾನಿದ್ದ ಹಾಗೆಯೇ ಕಚ್ಚಾವಸ್ತುವಾಗಿದೆ, ‘ತೆರಿಗೆ’ ಮಾತ್ರ ತನ್ನ ಸಮಾನಾರ್ಥಕ್ಕೆ ಜಾಗ ಬಿಟ್ಟುಕೊಟ್ಟಿದೆ ಎಂಬುದನ್ನು ಗಮನಿಸಬೇಕು. ಯಾವ ಪದ ತನ್ನ ರೂಪದಲ್ಲೇ ಉಳಿಯುತ್ತದೆ, ಯಾವುದು ವೇಷ ಬದಲಿಸುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ಸುಳಿವಿನಲ್ಲೂ ಕೇಳಿಕೊಳ್ಳದೆ ಮುಂದೆ ಹೋಗುವಂತಿಲ್ಲ.

‘ದಿನಕರ’ದ ಮೂರನೆಯ ಅಕ್ಷರದಿಂದ ಕೆಳಕ್ಕಿಳಿಯುವ ಸುಳಿವು ಹೀಗಿತ್ತು: ‘ಲೇಖಕ ಮಲಗಿದಾಗ ಒಳಗೊಳಗೇ ಅರಳಿದ ಹೂ (3)’. ಮೊದಲಕ್ಷರ ‘ಕ’ ಎಂದು ಗೊತ್ತಿದ್ದುದರಿಂದ ಉತ್ತರ ಕೂಡಲೇ ಹೊಳೆಯಿತು. ಅದು ‘ಲೇಖಕ ಮಲಗಿದಾಗ’ ಎಂಬ ಎರಡು ಪದಗಳ ನಡುವೆಯೇ ಹರಡಿಕೊಂಡಿದೆ: ಮೊದಲ ಪದದ ಕೊನೆಯ ‘ಕ’, ಎರಡನೆಯದರ ಆರಂಭದ ‘ಮಲ’. ಉತ್ತರ ಕಣ್ಣೆದುರಿಗೇ ಬರೆದಿದ್ದರೂ ಪದಗಳ ನಡುವಣ ಖಾಲಿ ಜಾಗ ಅದನ್ನು ಮರೆಮಾಡುತ್ತದೆ. ಇಡೀ ಪದಬಂಧದಲ್ಲಿ ನನಗೆ ಅತ್ಯಂತ ಇಷ್ಟವಾದ ಸುಳಿವು ಇದೇ, ಕಠಿಣವಲ್ಲದಿದ್ದರೂ.

‘ಸಾವಿಲ್ಲದವನ ತಲೆ ಹೋಗಿ ಉಳಿದದ್ದು ವೃಕ್ಷ (2)’ ಎಂಬುದು ‘ಅಮರ’ನ ‘ಅ’ ತೆಗೆದರೆ ಸಿಗುವ ‘ಮರ’. ‘ಹುಡುಕು, ರಾಜ ಸಿಗುತ್ತಾನೆ (3)’ ಎಂಬುದಕ್ಕೆ ಅಕ್ಷರಗಳ ಆಟವೇನೂ ಬೇಕಿಲ್ಲ. ‘ಅರಸು’ ಎಂಬ ಪದಕ್ಕಿರುವ ಎರಡು ಅರ್ಥಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ, ಅಷ್ಟೆ. ಉಚ್ಚಾರಣೆಯ ಸಾಮ್ಯವನ್ನು ಬಳಸಿದ ಸುಳಿವು ಒಂದೇ ಒಂದಿತ್ತು: ‘ಕೆಲವರ ಬಾಯಲ್ಲಿ ಪಕ್ಷಿ ಧಾನ್ಯವಾಗುತ್ತದೆ (2)’. ನುಡಿದಂತೆಯೇ ಬರೆಯುವ ಲಿಪಿಯಲ್ಲಿ ಉಚ್ಚಾರ ಒಂದಾಗಿ ಬರಹ ಬೇರೆಯಾಗುವ ಪದಗಳು ಸಿಗುವುದು ಅಪರೂಪವಾದ್ದರಿಂದ, ಹಕಾರ ಬಿಟ್ಟು ಮಾತಾಡುವವರ ಬಾಯಲ್ಲಿ ‘ಹಕ್ಕಿ’ಯು ‘ಅಕ್ಕಿ’ಯಾಗುವುದನ್ನು ರಚನಕಾರರು ಹುಡುಕಿಕೊಂಡಿದ್ದಾರೆ.

ಅತ್ಯಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ‘ದಿನಕರ’ದ ‘ರ’ದಲ್ಲಿ ಬಂದು ಮುಗಿಯುವ ಈ ಸುಳಿವು: ‘ಮನುಷ್ಯನ ಎದೆಯೊಳಗೆ ಗಾಂಧಾರ ಮಿಡಿದ ಪಟ್ಟಣ (3)’. ಗಾಂಧಾರ ಎಂದೊಡನೆ ಗಾಂಧಾರಿ, ಶಕುನಿ ಎಲ್ಲರೂ ಬಂದು ನಿಲ್ಲುತ್ತಾರೆ. ‘ಪಟ್ಟಣ’ ಜೊತೆಗಿರುವುದರಿಂದ ಆ ಪ್ರಾಚೀನ ದೇಶದ ನಗರಗಳ ಕಡೆಗೆ ಮನಸ್ಸು ಹೋಗುತ್ತದೆ. ತಕ್ಷಶಿಲೆಗೆ ನಾಲ್ಕು ಅಕ್ಷರ, ಪುಷ್ಕಲಾವತಿಗೆ ಐದು. ಎರಡೂ ಮೂರು ಚೌಕಗಳಿಗೆ ಹೊಂದುವುದಿಲ್ಲ, ಎರಡೂ ‘ರ’ದಿಂದ ಕೊನೆಗೊಳ್ಳುವುದಿಲ್ಲ. ರಚನಕಾರರಿಗೆ ಬೇಕಾಗಿದ್ದುದೇ ಈ ಅಲೆದಾಟ. ಮತ್ತೆ ಪ್ರತ್ಯಯಕ್ಕೆ ಬಂದು ನೋಡಿದರೆ ‘ಎದೆಯೊಳಗೆ’ ಎಂಬುದು ಸ್ಪಷ್ಟವಾದ ಆಜ್ಞೆ: ಮನುಷ್ಯ ಎಂಬರ್ಥದ ಪದದ ನಡುವೆ ಏನನ್ನೋ ಇಡಬೇಕು. ಉತ್ತರಕ್ಕೆ ಮೂರೇ ಅಕ್ಷರ, ಕೊನೆಯದು ‘ರ’; ಹಾಗಾದರೆ ಮನುಷ್ಯ ‘ನರ’ನೇ ಆಗಬೇಕು, ಗಾಂಧಾರಕ್ಕೆ ಉಳಿಯುವುದು ಒಂದೇ ಅಕ್ಷರದ ಜಾಗ. ಒಂದಕ್ಷರದ ಗಾಂಧಾರ ಯಾವುದು ಎಂದು ಕೇಳಿಕೊಂಡ ಮೇಲೆ ಭೂಗೋಳ ಹೋಗಿ ಸಂಗೀತ ಬಂತು. ಸಪ್ತಸ್ವರಗಳಲ್ಲಿ ಗಾಂಧಾರವೆಂದರೆ ‘ಗ’. ‘ನರ’ನ ನಡುವೆ ‘ಗ’ ಸೇರಿ ‘ನಗರ’. ‘ಮಿಡಿದ’ ಎಂಬ ಕ್ರಿಯಾಪದ ಹೃದಯಕ್ಕೂ ವೀಣೆಯ ತಂತಿಗೂ ಸಲ್ಲುವಂಥದ್ದಾಗಿ ಬೆಸುಗೆಯನ್ನು ಮುಚ್ಚಿತ್ತು.

ಕನ್ನಡದಲ್ಲಿ ಇಂಥ ಪದಬಂಧ ರಚಿಸುವವರಿಗೆ ಸ್ವರಗಳ ಹೆಸರುಗಳು ದೊಡ್ಡ ಭಂಡಾರ. ಇಂಗ್ಲಿಷಿನವರು ದಿಕ್ಕುಗಳ ಮೊದಲಕ್ಷರಗಳನ್ನೂ ರೋಮನ್ ಅಂಕಿಗಳನ್ನೂ ಬಳಸಿಕೊಳ್ಳುವ ಜಾಗದಲ್ಲಿ ನಮಗೆ ಸ, ರಿ, ಗ, ಮ, ಪ, ದ, ನಿ ಇವೆ. ಅವುಗಳ ಪೂರ್ಣ ಹೆಸರುಗಳಲ್ಲಿ ಕೆಲವಕ್ಕೆ ಬೇರೆ ಅರ್ಥವೂ ಉಂಟು: ನಿಷಾದ ಬೇಡನೂ ಹೌದು, ಮಧ್ಯಮ ನಡುವಿನದೂ ಹೌದು. ಸುಳಿವಿನಲ್ಲಿ ಬೇಡನೊಬ್ಬ ನಿಷ್ಕಾರಣವಾಗಿ ಕಾಣಿಸಿಕೊಂಡರೆ ನಾನು ಈಗ ಮೊದಲು ‘ನಿ’ಯನ್ನೇ ಅನುಮಾನಿಸುತ್ತೇನೆ.

‘ನಗರ’ದ ಮೊದಲ ‘ನ’ ಮೇಲಿನ ಸಾಲಿನ ಸುಳಿವಿಗೆ ಕೊನೆಯ ಅಕ್ಷರವಾಯಿತು: ‘ಸರಿಸಾಟಿಯಾದದ್ದರ ನಡುವೆ ತಬಲಾದ ಒಂದು ಪೆಟ್ಟು ಬಿದ್ದರೆ ನೆಮ್ಮದಿ (4)’. ಸರಿಸಾಟಿ ಎಂದರೆ ‘ಸಮ’ ಎಂದಿಟ್ಟುಕೊಂಡರೆ ಉತ್ತರ ‘ಮ’ದಲ್ಲಿ ಮುಗಿಯಬೇಕು, ಕೊನೆಯಲ್ಲಿ ‘ನ’ ಬಂದು ಕೂತಿರುವುದರಿಂದ ಆ ದಾರಿ ಮುಚ್ಚಿ ‘ಸಮಾನ’ ಎದ್ದು ನಿಂತಿತು. ಉಳಿದದ್ದು ಒಂದಕ್ಷರದ ಪೆಟ್ಟು. ತಬಲಾದ ಬೋಲುಗಳಲ್ಲಿ ‘ನಾ’, ‘ತಾ’, ‘ಧಾ’ಗಳನ್ನು ಒಂದೊಂದಾಗಿ ಇಟ್ಟು ನೋಡಿದಾಗ ‘ಸಮಾ’ ಮತ್ತು ‘ನ’ಗಳ ನಡುವೆ ‘ಧಾ’ ಕೂತು ‘ಸಮಾಧಾನ’ವಾಯಿತು.

ಒಂದು ಸುಳಿವಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಒಮ್ಮತ ಮೂಡಲಿಲ್ಲ. 1926ರಲ್ಲಿ ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕ್ವೆಮಾಡ’ ಎಂಬ ಹೆಸರಿಟ್ಟುಕೊಂಡು ಕ್ರಿಪ್ಟಿಕ್ ಪದಬಂಧಗಳನ್ನು ಆರಂಭಿಸಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಅವರಿಗೆ ಬಿಡಿಸುವವರ ಮೇಲೆ ಅಂಥ ಕರುಣೆಯೇನೂ ಇರಲಿಲ್ಲ. ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯ ಹೆಸರದು. 1939ರಲ್ಲಿ ಅವರ ಸ್ಥಾನಕ್ಕೆ ಬಂದ ಡಿ. ಎಸ್. ಮ್ಯಾಕ್‌ನಟ್ ಕೂಡ ‘ಕ್ಸಿಮಿನೀಸ್’ ಎಂದು ಅಂಥದೇ ಅಧಿಕಾರಿಯ ಹೆಸರನ್ನು ಆಯ್ದುಕೊಂಡರೂ ಪದಬಂಧದ ನ್ಯಾಯವನ್ನು ಗಟ್ಟಿಗೊಳಿಸಿದವರು ಅವರೇ. ಸುಳಿವಿನಲ್ಲಿ ಖಚಿತವಾದ ಅರ್ಥವಿರಬೇಕು, ಪ್ರಾಮಾಣಿಕವಾದ ಕಟ್ಟುವಿಧಾನವಿರಬೇಕು, ಇವೆರಡನ್ನು ಬಿಟ್ಟು ಬೇರೇನೂ ಇರಬಾರದು ಎಂಬುದು ಆ ನ್ಯಾಯ. ನಾನು ಆ ಪಕ್ಷದವನು.

ಸ್ನೇಹಿತರ ಸುಳಿವು ಹೀಗಿತ್ತು: ‘ಕಂಗೆಟ್ಟ ಮಗನ ಮೇಲೆ ಲಕ್ಷ್ಯ (3)’. ಕಂಗೆಟ್ಟ ಎಂದರೆ ಅಕ್ಷರಗಳು ಕದಡಿವೆ, ‘ಮಗನ’ ಎಂಬ ಮೂರಕ್ಷರ ಕದಡಿ ‘ಗಮನ’, ಅಂದರೆ ಲಕ್ಷ್ಯ. ಷಷ್ಠಿ ವಿಭಕ್ತಿಯ ಪ್ರತ್ಯಯವೂ ಇಲ್ಲಿ ಕಚ್ಚಾವಸ್ತುವೇ ಆಗಿರುವುದು ಅದ್ಭುತವಾಗಿದೆ. ಆದರೆ ‘ಮೇಲೆ’ ಎಂಬ ಪದಕ್ಕೆ ಕೆಲಸವಿಲ್ಲ. ಅದು ಮೇಲ್ನೋಟದ ಚಿತ್ರವನ್ನು ತಿದ್ದಲು ಮಾತ್ರ ಬಂದಿದೆ. ಉದ್ದದ ಸುಳಿವಾದ್ದರಿಂದ ‘ಮೇಲೆ’ಗೆ ಅರ್ಥವಿದೆಯೆಂದು ಅವರು ವಾದಿಸಿದರು. ಮೇಲಿನಿಂದ ಕೆಳಕ್ಕೆ ಬರೆಯುವ ಪದದಲ್ಲಿ ‘ಮೇಲೆ’ ಎಂದರೆ ಒಂದು ಭಾಗ ಇನ್ನೊಂದರ ಮೇಲೆ ಕೂರಬೇಕು, ಇಲ್ಲಿ ಅಂಥ ಎರಡು ಭಾಗಗಳೇ ಇಲ್ಲ ಎಂಬುದು ನನ್ನ ಉತ್ತರ. ವಿವರಣೆಯ ಹಾಳೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆದು, ‘ಕಂಗೆಟ್ಟ ಮಗನ ಲಕ್ಷ್ಯ’ ಎಂದಿದ್ದರೆ ಸಾಕಿತ್ತು ಎಂದು ಬರೆದು ಕಳಿಸಿದ್ದೇನೆ.