ಸ್ಕೌಟ್ ಲಾಗ್ ಬುಕ್: ಆ ವಾರದ್ದು ಆ ವಾರವೇ ಬರೆಯಿರಿ

ರಾಜ್ಯ ಪುರಸ್ಕಾರ ಪರೀಕ್ಷಾ ಶಿಬಿರ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಎಷ್ಟೋ ಮನೆಗಳಲ್ಲಿ ಹೊಸ ನೋಟ್‌ಬುಕ್, ಸ್ಕೆಚ್ ಪೆನ್ನು, ಮಿನುಗುವ ಗ್ಲಿಟರ್ ಹೊರಬರುತ್ತವೆ. ಅಮ್ಮ ಬರೆಯುತ್ತಾರೆ, ಅಕ್ಕ ಬಣ್ಣ ತುಂಬುತ್ತಾಳೆ, ಮಗು ತಾನೇ ವಾರವಾರ ಕಲಿತದ್ದನ್ನು ಬರೆದಿಡಬೇಕಾದ ಎರಡು ವರ್ಷದ ಲಾಗ್ ಬುಕ್ ಎರಡು ರಾತ್ರಿಯಲ್ಲಿ ಸಿದ್ಧ. ಪರೀಕ್ಷಕರು ನಾಲ್ಕು ಪುಟ ಮಗುಚುವಷ್ಟರಲ್ಲಿ ಇದು ಬಯಲಾಗುತ್ತದೆ. ಮೊದಲ ಪುಟದಿಂದ ಕೊನೆಯವರೆಗೂ ಒಂದೇ ಪೆನ್ನು. 12ನೇ ವಯಸ್ಸಿನ ಅಕ್ಷರವೂ 14ನೇ ವಯಸ್ಸಿನ ಅಕ್ಷರವೂ ಒಂದೇ. ಶಾಲೆಯ ಪ್ರಾರ್ಥನೆಯಲ್ಲಿ ಧ್ವಜ ಏರಿಸಿದೆ ಎಂದು ಬರೆದ ದಿನ ಕ್ಯಾಲೆಂಡರಿನಲ್ಲಿ ನೋಡಿದರೆ ಭಾನುವಾರ!

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ. ಹತ್ತಿದ್ದಕ್ಕೆ ಪ್ರಮಾಣಪತ್ರ ಸಾಕ್ಷಿ. ಹೇಗೆ ಹತ್ತಿದ, ಎಲ್ಲಿ ಜಾರಿದ ಎನ್ನುವುದಕ್ಕೆ ಲಾಗ್ ಬುಕ್ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಬೇಕಾದ ಸಾಮಾನು

200 ಪುಟದ, ರಟ್ಟಿನ ಹೊದಿಕೆಯ ಉದ್ದ ನೋಟ್‌ಬುಕ್ ಒಂದು. ಸುರುಳಿ ತಂತಿಯದು ಬೇಡ, ಶಿಬಿರದ ಚೀಲದಲ್ಲಿ ತಂತಿ ನುಜ್ಜಾಗಿ ಹಾಳೆ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಜೇಬುಗಳಿರುವ ಫೈಲ್ ಒಂದು, ಅದು ಪ್ರಮಾಣಪತ್ರಕ್ಕೆ ಮಾತ್ರ. ಬರೆಯಲು ಬಾಲ್ ಪೆನ್ನು. ಜೆಲ್ ಪೆನ್ನಿನ ಅಕ್ಷರ ಅಂದವೇನೋ ಹೌದು, ಆದರೆ ಟೆಂಟಿನಲ್ಲಿ ನಾಲ್ಕು ಹನಿ ಬಿದ್ದರೆ ಪುಟವೇ ನೀಲಿ ಕೆರೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೈಲನ್ನು ಗೋಡೆಗೆ ತಾಗಿಸಿ ಇಡಬಾರದು. ತೇವಕ್ಕೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಮೊದಲು ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಮೊದಲ 2 ಪುಟ ವಿಷಯಸೂಚಿಗೆ ಖಾಲಿ ಇರಲಿ. 3ನೇ ಪುಟದಲ್ಲಿ ಹೆಸರು, ಹುಟ್ಟಿದ ದಿನಾಂಕ, ಶಾಲೆ, ದಳ, ದಳದೊಳಗಿನ ಸಣ್ಣ ಗುಂಪಾದ ಪೆಟ್ರೋಲ್‌ನ ಹೆಸರು, ದಳಕ್ಕೆ ಸೇರಿದ ದಿನ, ಪ್ರತಿಜ್ಞೆ ಸ್ವೀಕರಿಸಿದ ದಿನ. ಆಧಾರ್ ಸಂಖ್ಯೆ, ಮನೆಯ ಫೋನ್ ನಂಬರ್ ಇಲ್ಲಿ ಬೇಡ. ರ‍್ಯಾಲಿ, ಮೇಳಗಳಲ್ಲಿ ಈ ಪುಸ್ತಕವನ್ನು ಪ್ರದರ್ಶನಕ್ಕೆ ಇಡುತ್ತಾರೆ, ಯಾರು ಬೇಕಾದರೂ ತಿರುವಿ ನೋಡುತ್ತಾರೆ.

ವಾರಕ್ಕೆ 15 ನಿಮಿಷ

ದಳದ ಸಭೆ ಮುಗಿದ ಸಂಜೆಯೇ ಬರೆಯಬೇಕು. ಮಾರನೇ ದಿನಕ್ಕೆ ತಳ್ಳಿದರೆ ‘ಇಂದು ಗಂಟು ಕಲಿತೆವು, ತುಂಬಾ ಚೆನ್ನಾಗಿತ್ತು’ ಎಂಬ ಸಾಲಷ್ಟೇ ಉಳಿಯುತ್ತದೆ. ಈ ಸಾಲನ್ನು ಯಾವ ಶಾಲೆಯ ಯಾವ ಮಗುವೂ ಬರೆಯಬಹುದು. ಐದು ಸಂಗತಿ ಇರಲಿ: ದಿನಾಂಕ, ಮಾಡಿದ್ದೇನು, ಎಷ್ಟು ಹೊತ್ತು ಅಥವಾ ಎಷ್ಟು ಸಲ, ಎಲ್ಲಿ ತಪ್ಪಿತು, ತಪ್ಪಿದ್ದು ಏಕೆ. ಒಂದು ಮಾದರಿ:

‘12-7-2025, ಶನಿವಾರ. ರೀಫ್ ನಾಟ್. 10 ಸಲ ಕಟ್ಟಿದೆ, 4 ಸಲ ಜಾರಿತು. ಎರಡೂ ಸುತ್ತಿನಲ್ಲಿ ಬಲದ ತುದಿಯನ್ನೇ ಮೇಲೆ ಹಾಕುತ್ತಿದ್ದೆ, ಅದು ಗ್ರ್ಯಾನಿ ನಾಟ್ ಆಗುತ್ತಿತ್ತು. ಮೊದಲು ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಸರಿಯಾಗಿ ಬಿದ್ದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ. ಕೈ ಜೋಲಿಯ ಬಟ್ಟೆಗೆ ಇದನ್ನೇ ಕಟ್ಟುವುದು, ಕುತ್ತಿಗೆಗೆ ಒತ್ತುವುದಿಲ್ಲ.’

ಈ ಪುಟದ ಕೆಳಗೆ 30 ಸೆಂ.ಮೀ. ಹತ್ತಿ ಹುರಿಯಲ್ಲಿ ಕಟ್ಟಿದ ಅಸಲಿ ಗಂಟನ್ನು ಸೂಜಿ ದಾರದಿಂದ ಹೊಲಿಯಿರಿ. ಗೋಂದು ಹಾಕಿದರೆ ಹುರಿ ಗಟ್ಟಿಯಾಗಿ ಎರಡು ತಿಂಗಳಲ್ಲಿ ಉದುರುತ್ತದೆ. ಹುರಿ 3 ಮಿ.ಮೀ.ಗಿಂತ ದಪ್ಪ ಇದ್ದರೆ ಪುಸ್ತಕ ಮುಚ್ಚುವುದಿಲ್ಲ.

ಬೆಳವಣಿಗೆ ಕಾಣಬೇಕಾದರೆ ಅಳತೆ ಎರಡು ಸಲ

ಹೆಚ್ಚಿನ ಲಾಗ್ ಬುಕ್‌ಗಳಲ್ಲಿ ಸಾಧನೆ ಇರುತ್ತದೆ, ಬೆಳವಣಿಗೆ ಇರುವುದಿಲ್ಲ. ಬೆಳವಣಿಗೆ ತೋರಿಸಲು ಒಂದೇ ಕೆಲಸವನ್ನು ಆರು ತಿಂಗಳ ಅಂತರದಲ್ಲಿ ಎರಡು ಸಲ ಅಳೆದು ಎದುರುಬದುರು ಪುಟದಲ್ಲಿ ಬರೆಯಬೇಕು. ಅದಕ್ಕಾಗಿ ಜೂನ್‌ನಲ್ಲಿ ಎಡಪುಟ ಬರೆದು ಬಲಪುಟ ಖಾಲಿ ಬಿಡಿ.

ಹೆಜ್ಜೆ ಲೆಕ್ಕದಿಂದ ಶುರುಮಾಡುವುದು ಒಳ್ಳೆಯದು. ಆಟದ ಮೈದಾನದಲ್ಲಿ ಟೇಪು ಹಿಡಿದು 100 ಮೀಟರ್ ಗುರುತಿಸಿ, ಮಾಮೂಲಿ ನಡಿಗೆಯಲ್ಲಿ ಮೂರು ಸಲ ನಡೆದು ಸರಾಸರಿ ತೆಗೆಯಬೇಕು. ಜೂನ್‌ನಲ್ಲಿ 158 ಹೆಜ್ಜೆ ಬಂದಿದ್ದರೆ ಒಂದು ಹೆಜ್ಜೆ ಸುಮಾರು 63 ಸೆಂ.ಮೀ. ಡಿಸೆಂಬರ್‌ನಲ್ಲಿ 149 ಬಂದರೆ 67 ಸೆಂ.ಮೀ. ಹುಡುಗ ಎತ್ತರವಾಗಿದ್ದಾನೆ! ಇದು ಬರೀ ಚೆಂದದ ಲೆಕ್ಕ ಅಲ್ಲ. ಹಳೆಯ ಹೆಜ್ಜೆಯನ್ನೇ ನಂಬಿ ನಕ್ಷೆ ಬರೆದರೆ ಒಂದು ಕಿಲೋಮೀಟರಿಗೆ 50 ಮೀಟರಿಗೂ ಹೆಚ್ಚು ತಪ್ಪುತ್ತದೆ. ಹೈಕ್‌ಗೆ ಹೋದ ಮಕ್ಕಳು ತಿರುವು ದಾಟಿ ಮುಂದೆ ಹೋಗಲು ಅದೇ ಸಾಕು.

ಮರದ ಎತ್ತರ ಅಂದಾಜಿಸುವುದೂ ಹೀಗೆಯೇ. ಮೊದಲು ಕಣ್ಣಂದಾಜು ಬರೆಯಿರಿ, ಆಮೇಲೆ ನೆರಳಿನ ಲೆಕ್ಕ. 150 ಸೆಂ.ಮೀ. ಕೋಲಿನ ನೆರಳು 120 ಸೆಂ.ಮೀ., ತೆಂಗಿನ ಮರದ ನೆರಳು 9.6 ಮೀಟರ್ ಇದ್ದರೆ ಮರ 12 ಮೀಟರ್. ಎರಡೂ ನೆರಳನ್ನು ಒಂದೇ ಹೊತ್ತಿಗೆ, ಸಮತಟ್ಟು ನೆಲದಲ್ಲಿ ಅಳೆಯಬೇಕು. ಕೋಲಿನದು ಅಳೆದು, ಟೀ ಕುಡಿದು ಬಂದು ಮರದ್ದು ಅಳೆದರೆ ಸೂರ್ಯ ಕಾಯುತ್ತಾ ನಿಂತಿರುವುದಿಲ್ಲ. ಜೂನ್‌ನಲ್ಲಿ ಕಣ್ಣಂದಾಜು 20 ಮೀಟರ್ ಎಂದವನು ಡಿಸೆಂಬರ್‌ನಲ್ಲಿ ಅಷ್ಟೇ ಎತ್ತರದ ಇನ್ನೊಂದು ಮರಕ್ಕೆ 13 ಎಂದರೆ ಕಣ್ಣು ಪಳಗಿದೆ ಎಂದೇ ಅರ್ಥ. ಎರಡನೇ ಸಲ ಬೇರೆ ಮರ ಹಿಡಿಯಿರಿ, ಹಳೆಯ ಮರದ ಉತ್ತರ ನೆನಪಿನಲ್ಲಿರುತ್ತದೆ.

ಪದಕ ಮತ್ತು ಸೇವೆಯ ಕೋಷ್ಟಕ

ಸೋಪಾನ, ಪದಕಗಳಿಗೆ ಒಂದು ಕೋಷ್ಟಕ: ಹೆಸರು, ಆರಂಭಿಸಿದ ದಿನ, ಪರೀಕ್ಷೆಯ ದಿನ, ಪರೀಕ್ಷಕರ ಹೆಸರು, ಸಹಿ, ಪ್ರಮಾಣಪತ್ರದ ಸಂಖ್ಯೆ. ಒಂದು ಸೋಪಾನಕ್ಕೂ ಮುಂದಿನದಕ್ಕೂ ನಡುವೆ ಇಷ್ಟು ತಿಂಗಳು ಕಳೆದಿರಬೇಕು ಎಂಬ ನಿಯಮ ಇರುವುದರಿಂದ ಒಂದು ದಿನಾಂಕ ಬಿಟ್ಟುಹೋದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ತಿಂಗಳ ಲೆಕ್ಕವನ್ನು ನಿಮ್ಮ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಬಳಿ ಕೇಳಿ ಕೋಷ್ಟಕದ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಡಿ.

ಸೇವೆಯದಕ್ಕೆ ಪ್ರತ್ಯೇಕ ಕೋಷ್ಟಕ: ದಿನ, ಜಾಗ, ಕೆಲಸ, ಗಂಟೆ, ಸಹಿ. ಸಹಿ ಆ ಜಾಗದ ಹೊಣೆ ಹೊತ್ತವರದ್ದು, ಅದೇ ದಿನದ್ದು. ಜಾತ್ರೆಯಲ್ಲಿ ಮೂರು ಗಂಟೆ ನೀರು ಹಂಚಿದ ಹುಡುಗಿಗೆ ಆರು ತಿಂಗಳ ನಂತರ ಯಾರು ಸಹಿ ಹಾಕುತ್ತಾರೆ? ‘ಸ್ವಚ್ಛತೆ ಮಾಡಿದೆವು’ ಎನ್ನುವ ಬದಲು ‘ಬಸ್ ನಿಲ್ದಾಣದ ಪಕ್ಕದ ಚರಂಡಿ, 11 ಮಂದಿ, 2 ಗಂಟೆ, 6 ಚೀಲ ಪ್ಲಾಸ್ಟಿಕ್’ ಎಂದು ಬರೆದರೆ ಸಹಿ ಹಾಕುವವರೂ ಅನುಮಾನಿಸುವುದಿಲ್ಲ.

ಶಿಬಿರದ ಪುಟ

ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ಶಿಬಿರ ಎಂದರೆ ಮಕ್ಕಳು ಕೆರೆಯ ಬಗ್ಗೆ ಒಂದು ಪುಟ, ಶಿಬಿರಾಗ್ನಿಯ ಹಾಡುಗಳ ಬಗ್ಗೆ ಎರಡು ಪುಟ ಬರೆಯುತ್ತಾರೆ. ಬರೆಯಲಿ. ಜೊತೆಗೆ ಟೆಂಟ್ ಹಾಕಿದ ಜಾಗದ ನಕ್ಷೆ, ಗಾಳಿ ಬೀಸಿದ ದಿಕ್ಕು, ಅಡುಗೆಯ ಲೆಕ್ಕವೂ ಇರಲಿ. ‘8 ಜನರಿಗೆ ಉಪ್ಪಿಟ್ಟು. ರವೆ 700 ಗ್ರಾಂ, ನೀರು 2.5 ಲೀಟರ್, 40 ನಿಮಿಷ. ತಳ ಹಿಡಿಯಿತು, ಸೌದೆ ಹೊರಗೆಳೆಯದೆ ರವೆ ಸುರಿದದ್ದಕ್ಕೆ.’ ಮುಂದಿನ ಶಿಬಿರದಲ್ಲಿ ಪೆಟ್ರೋಲ್ ಲೀಡರ್ ಓದುವುದು ಹಾಡಿನ ಪುಟವನ್ನಲ್ಲ, ಇದನ್ನು.

ಫೋಟೊ

ಒಂದು ಚಟುವಟಿಕೆಗೆ ಒಂದು, ಹೆಚ್ಚೆಂದರೆ ಎರಡು. ಸಾಲಾಗಿ ನಿಂತು ಕ್ಯಾಮೆರಾ ನೋಡುವ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಕೈ, ಹುರಿ, ಒಲೆ ಕಾಣುವಂಥದ್ದು ಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನದ ಮಾಹಿತಿಯೂ ಅಳಿಯುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿಕೊಳ್ಳಿ. ಪತ್ರಿಕೆಯ ತುಣುಕಾದರೆ ನಕಲು ತೆಗೆದು ಅಂಟಿಸಿ. ಅಸಲಿ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಅಂಚಿನಲ್ಲಿ ಪತ್ರಿಕೆಯ ಹೆಸರು, ದಿನಾಂಕ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ.

ಪ್ರಮಾಣಪತ್ರ

ಬಂದ ದಿನವೇ ಹೆಸರಿನ ಕಾಗುಣಿತ ನೋಡಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಶಾಲೆಯ ದಾಖಲೆಯಲ್ಲಿ, ನಾಳೆ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೋ? ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗ ಇದೆ. ಅದರಡಿ ಅರ್ಜಿ ಹಾಕಿದವರು ಮೂಲ ಪ್ರಮಾಣಪತ್ರ ತೋರಿಸಬೇಕು. ‘ಮಂಜುನಾಥ’ ಒಂದರಲ್ಲಿ, ‘ಮಂಜುನಾಥ್ ಕೆ.’ ಇನ್ನೊಂದರಲ್ಲಿ ಇದ್ದರೆ ಆ ದಿನ ಓಡಾಟ ತಪ್ಪಿದ್ದಲ್ಲ. ತಿದ್ದುಪಡಿ ಮೊದಲ ತಿಂಗಳಲ್ಲಿ ಸುಲಭ, ಮೂರು ವರ್ಷದ ಮೇಲೆ ಕಷ್ಟ.

ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಬಿಸಿಗೆ ಕೆಲವು ಶಾಯಿ ಹರಡುತ್ತದೆ, ಉಬ್ಬು ಮೊಹರು ಚಪ್ಪಟೆಯಾಗುತ್ತದೆ, ಪರಿಶೀಲಿಸುವವರು ಮುಟ್ಟಿ ನೋಡಲಾಗದು. ಪ್ಲಾಸ್ಟಿಕ್ ಜೇಬಿಗೆ ಹಾಕಿ. ಸ್ಕ್ಯಾನ್ ಮಾಡಿ ಹೆಸರು, ವರ್ಷ, ಪದಕ ಎಂಬ ಕ್ರಮದಲ್ಲಿ ಫೈಲಿಗೆ ಹೆಸರಿಟ್ಟು, ಮನೆಯ ಎರಡು ಫೋನುಗಳಲ್ಲಾದರೂ ಉಳಿಸಿ.

ದೊಡ್ಡವರು ಮಾಡಬೇಕಾದ್ದು

ಬರೆಯುವುದಂತೂ ಅಲ್ಲ. ತಿಂಗಳಿಗೊಮ್ಮೆ ಪುಸ್ತಕ ತೆರೆದು, ಯಾವುದಾದರೂ ಒಂದು ಪುಟ ತೋರಿಸಿ ‘ಇದನ್ನು ಈಗ ಮಾಡಿ ತೋರಿಸು’ ಎನ್ನಿ. ಪರೀಕ್ಷಕರೂ ಕೇಳುವುದು ಅದನ್ನೇ. ಕಾಗುಣಿತ ತಿದ್ದಬೇಡಿ. ಅರ್ಧಕ್ಕೆ ಕೈಬಿಟ್ಟ ಪದಕದ ಪುಟವನ್ನು ಹರಿಯಲು ಬಿಡಬೇಡಿ. ಅಡ್ಡಗೆರೆ ಎಳೆದು, ಬಿಟ್ಟ ದಿನಾಂಕವನ್ನೂ ಕಾರಣವನ್ನೂ ಒಂದೇ ಸಾಲಿನಲ್ಲಿ ಅವರ ಕೈಯಿಂದಲೇ ಬರೆಸಿ. ಪುಟಗಳಿಗೆ ಸಂಖ್ಯೆ ಇದೆಯಲ್ಲ, ಹರಿದರೆ ಹೇಗೂ ಗೊತ್ತಾಗುತ್ತದೆ.