ಎರಡು ಸ್ಪೀಕರ್, ಒಂದು ಜಮಖಾನ: ಸ್ವೀಡನ್ನಿನ ಆ ರೆಕಾರ್ಡುಗಳನ್ನು ಮನೆಯಲ್ಲಿ ಕೇಳುವುದು ಹೇಗೆ?

ವಾದ್ಯ ಶುರುವಾಗುವ ಮೊದಲೇ ಜನರ ಮಾತು ಕೇಳುತ್ತದೆ. ಎಲ್ಲೋ ಒಂದು ಗ್ಲಾಸು ಇನ್ನೊಂದಕ್ಕೆ ತಾಗುತ್ತದೆ. ಆಮೇಲೆ ಬ್ಯಾಂಡ್ ಹೊರಡುತ್ತದೆ. ಜನ ಮಾತ್ರ ಎಲ್ಲೂ ಹೋಗುವುದಿಲ್ಲ. ಸ್ಯಾಕ್ಸೊಫೋನಿನ ಸುತ್ತ ಅವರ ಉಸಿರು, ಕೆಮ್ಮು, ಚಪ್ಪಾಳೆ ಹಾಗೇ ಉಳಿಯುತ್ತವೆ. ಇದು 'ಜಾಝ್ ಅಟ್ ದಿ ಪಾನ್‌ಶಾಪ್'. ಸುಮಾರು ಐವತ್ತು ವರ್ಷಗಳಿಂದ ದುಬಾರಿ ಸ್ಪೀಕರ್ ಮಾರುವವರು ಗಿರಾಕಿಗೆ ಹಾಕಿ ತೋರಿಸುತ್ತಾ ಬಂದ ರೆಕಾರ್ಡು.

ಇದನ್ನು ಹೊರತಂದದ್ದು ಪ್ರೊಪ್ರಿಯಸ್ ಎಂಬ ಸ್ವೀಡನ್ನಿನ ಪುಟ್ಟ ಕಂಪನಿ. 1976ರ ಡಿಸೆಂಬರ್ 6 ಮತ್ತು 7ರ ರಾತ್ರಿ ಸ್ಟಾಕ್‌ಹೋಮ್‌ನ ಹಳೇ ಪೇಟೆಯಲ್ಲಿರುವ ಸ್ಟಾಂಪೆನ್ ಕ್ಲಬ್ಬಿನಲ್ಲಿ ರೆಕಾರ್ಡಿಂಗ್ ನಡೆಯಿತು. ಹಿಂದೆ ಅದು ಗಿರವಿ ಅಂಗಡಿ, ಅಂದರೆ ಇಂಗ್ಲಿಷಿನ ಪಾನ್‌ಶಾಪ್, ಇದ್ದ ಜಾಗ. ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್‌ನಲ್ಲಿ ಆರ್ನೆ ಡೊಮ್ನೇರುಸ್, ಪಿಯಾನೊದಲ್ಲಿ ಬೆಂಗ್ಟ್ ಹಾಲ್‌ಬರ್ಗ್, ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದಲ್ಲಿ ಗಿಯೋರ್ಗ್ ರೀಡೆಲ್, ಡ್ರಮ್ಸ್‌ನಲ್ಲಿ ಏಗಿಲ್ ಯೋಹಾನ್ಸೆನ್. ಕೆಲವು ಹಾಡುಗಳಿಗೆ ಲಾರ್ಸ್ ಏರ್‌ಸ್ಟ್ರಾಂಡ್ ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಫೋನ್ ನುಡಿಸಿದ್ದಾರೆ. ರೆಕಾರ್ಡ್ ಮಾಡಿದವರು ಗರ್ಟ್ ಪಾಮ್‌ಕ್ರಾಂಟ್ಸ್. ವೇದಿಕೆಯ ಮೇಲೆ ತೂಗಿದ ಒಂದು ಜೊತೆ ನಾಯ್‌ಮನ್ ಯು 47 ಮೈಕ್‌ಗಳೇ ಅವರ ಮುಖ್ಯ ಆಧಾರ. ಬೇಕಾದ ಕಡೆ ಪೂರಕವಾಗಿ ಇನ್ನೂ ಕೆಲವು ಮೈಕ್‌ಗಳಿದ್ದವು. ಅವರ ನಾಗ್ರಾ ಟೇಪ್ ರೆಕಾರ್ಡರಿನಲ್ಲಿ ಒಂದು ಸುರುಳಿ ಹದಿನೈದು ನಿಮಿಷ ಮಾತ್ರ ಬರುತ್ತಿತ್ತು. ಅದಕ್ಕೇ ಎರಡು ಯಂತ್ರ ಇಟ್ಟುಕೊಂಡು, ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಶುರು ಮಾಡುತ್ತಿದ್ದರು.

ಇದೇ ಕಂಪನಿಯ ಇನ್ನೆರಡು ರೆಕಾರ್ಡುಗಳನ್ನೂ ಜೊತೆಗೆ ಇಟ್ಟುಕೊಳ್ಳಿ. ಒಂದು 'ಆಂಟಿಫೋನ್ ಬ್ಲೂಸ್'. 1974ರಲ್ಲಿ ಸ್ಟಾಕ್‌ಹೋಮ್ ಬಳಿಯ ಸ್ಪೋಂಗಾ ಚರ್ಚಿನಲ್ಲಿ ಇದೇ ಡೊಮ್ನೇರುಸ್ ಸ್ಯಾಕ್ಸೊಫೋನ್ ನುಡಿಸಿದರು, ಗುಸ್ತಾಫ್ ಶೋಕ್ವಿಸ್ಟ್ ಚರ್ಚಿನ ಆರ್ಗನ್, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ, ನುಡಿಸಿದರು. ಇಬ್ಬರೇ. ಇನ್ನೊಂದು 'ಕಾಂಟಾಟೆ ಡೊಮಿನೊ'. 1976ರಲ್ಲಿ ಸ್ಟಾಕ್‌ಹೋಮ್‌ನ ಆಸ್ಕರ್ ಚರ್ಚಿನಲ್ಲಿ ಟೊರ್‌ಸ್ಟನ್ ನಿಲ್ಸನ್ ನಡೆಸಿಕೊಟ್ಟ ಕ್ರಿಸ್‌ಮಸ್ ಗಾಯನ. ಗಾಯಕವೃಂದ, ಆರ್ಗನ್, ಹಿತ್ತಾಳೆ ವಾದ್ಯಗಳು ಎಲ್ಲಾ ಇವೆ. ಅಷ್ಟನ್ನೂ ಬರ್ಟಿಲ್ ಆಲ್ವಿಂಗ್ ಒಂದು ರೆವಾಕ್ಸ್ ಎ77 ಟೇಪ್ ಯಂತ್ರದಲ್ಲಿ, ಎರಡೇ ಮೈಕ್ ಇಟ್ಟು ಹಿಡಿದರು. ಆ ರೆವಾಕ್ಸ್ ಮನೆಗಳಲ್ಲೂ ಇರುತ್ತಿದ್ದ ಯಂತ್ರ!

ಇಂಥ ಸಂಗೀತ ನಮಗೆ ದೂರದ್ದು ಅನ್ನಿಸಬಹುದು. ಆದರೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರನ್ನು ನೆನೆಯಿರಿ. ಪಿಯಾನೊ ಬಲ್ಲವರು, ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ರಾಶಿ ರಾಶಿ ಕೂಡಿಟ್ಟವರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಸಂಯೋಜಕ ನಿಕೊಲಾಯ್ ಮೆಟ್ನರ್ ಕೊನೆಗಾಲದಲ್ಲಿ ಜನರ ನೆನಪಿನಿಂದ ಮರೆಯಾಗಿದ್ದರು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಒಡೆಯರ್. ಎಚ್‌ಎಂವಿ ಅವನ್ನು ಹೊರತಂದಿತು. 1951ರಲ್ಲಿ ಮೆಟ್ನರ್ ತೀರಿಕೊಂಡರು, ಅವರ ಬೆರಳಿನ ನುಡಿಸಾಣಿಕೆ ಉಳಿಯಿತು. ಪೇಟೆ ಕೇಳದ ರೆಕಾರ್ಡನ್ನು ಪ್ರೀತಿಗಾಗಿ ಮಾಡಿಸುವುದು ಎಂದರೆ ಇದೇ ಅಲ್ವಾ?

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲು ತಿಳಿಯಬೇಕಾದದ್ದು

ಸಿನಿಮಾ ಹಾಡುಗಳನ್ನು ರೆಕಾರ್ಡ್ ಮಾಡುವಾಗ ಸಾಮಾನ್ಯವಾಗಿ ಪ್ರತಿ ವಾದ್ಯದ ಮುಂದೂ ಒಂದೊಂದು ಮೈಕ್. ಹಾಡುವವರು ಇವತ್ತು ಬಂದರೆ ಕೊಳಲಿನವರು ನಾಳೆ. ಆಮೇಲೆ ಯಾರು ಎಡಕ್ಕೆ, ಯಾರು ಬಲಕ್ಕೆ, ಎಷ್ಟು ಗುಂಯ್‌ಗುಡಬೇಕು ಎನ್ನುವುದನ್ನೆಲ್ಲ ಎಂಜಿನಿಯರ್ ಕೂರಿಸುತ್ತಾರೆ. ಅದೂ ಒಂದು ಕಲೆಯೇ. ಪ್ರೊಪ್ರಿಯಸ್‌ನವರ ದಾರಿ ಬೇರೆ. ಎಲ್ಲರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನುಡಿಸುತ್ತಾರೆ. ಮೈಕ್‌ಗಳು ವಾದ್ಯವನ್ನೂ ಹಿಡಿಯುತ್ತವೆ, ಗೋಡೆಗೆ ಬಡಿದು ಬಂದ ಸದ್ದನ್ನೂ ಹಿಡಿಯುತ್ತವೆ. ಎಡಗಡೆಯ ವಾದ್ಯದ ಸದ್ದು ಎಡ ಮೈಕಿಗೆ ಜೋರಾಗಿ ತಲುಪುತ್ತದೆ. ಎರಡು ಮೈಕ್‌ಗಳ ನಡುವೆ ಅಂತರವಿದ್ದರೆ ಒಂದು ಕೂದಲೆಳೆಯಷ್ಟು ಮೊದಲೂ ತಲುಪುತ್ತದೆ. ನಮ್ಮ ಕಿವಿ ಜಾಗ ಗುರುತಿಸುವುದೂ ಇದೇ ಲೆಕ್ಕದಲ್ಲಿ.

ಅಂದರೆ ಈ ರೆಕಾರ್ಡುಗಳಲ್ಲಿ ಸಂಗೀತದ ಜೊತೆ ಒಂದು ಕೋಣೆಯೂ ಇದೆ. ಅದು ಕೇಳಿಸಬೇಕಾದರೆ ನಿಮ್ಮ ಕೋಣೆ ಅದಕ್ಕೆ ಅಡ್ಡ ಬರಬಾರದು. ನನ್ನ ಗಟ್ಟಿ ಅಭಿಪ್ರಾಯ ಇದು: ಹೊಸ ಆಂಪ್ಲಿಫೈಯರ್‌ಗೆ ದುಡ್ಡು ಹಾಕುವ ಮೊದಲು ಇರುವ ಸ್ಪೀಕರ್‌ಗಳನ್ನು ಸರಿಯಾಗಿ ಇಡಿ.

ರೆಕಾರ್ಡು ಯಾವ ರೂಪದಲ್ಲಿ?

ಸಿ.ಡಿ. ಸಾಕು, ಚೆನ್ನಾಗಿಯೇ ಇರುತ್ತದೆ. ಎಲ್‌ಪಿ ಇದ್ದರೆ ಸೂಜಿ ಸ್ವಚ್ಛವಾಗಿರಲಿ. ಫೋನಿನ ಆ್ಯಪ್‌ನಲ್ಲಿ ಕೇಳುವವರು ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಕೆಲಸ ಮಾಡಿ. ಗುಣಮಟ್ಟವನ್ನು ಲಾಸ್‌ಲೆಸ್‌ಗೆ, ಅಂದರೆ ಸದ್ದಿನ ಯಾವ ಭಾಗವೂ ಕಳೆಯದ ರೂಪಕ್ಕೆ, ಇಡಿ, ಅದಿಲ್ಲದಿದ್ದರೆ ಇರುವುದರಲ್ಲಿ ಹೆಚ್ಚಿನದಕ್ಕೆ. ಬೇಸ್, ಟ್ರೆಬಲ್ ಏರಿಳಿಸುವ ಈಕ್ವಲೈಸರ್ ಆಫ್ ಮಾಡಿ. ಸದ್ದನ್ನು ಸುತ್ತಲೂ ಹರಡಿಸುವ 3ಡಿ, ಸರೌಂಡ್ ಥರದ ಎಫೆಕ್ಟ್‌ಗಳನ್ನೂ ಆಫ್ ಮಾಡಿ. ಆ ಕೊನೆಯದು ಮುಖ್ಯ. ಎಲ್ಲಿ ಯಾರಿದ್ದಾರೆ ಎಂಬ ಸುಳಿವು ರೆಕಾರ್ಡಿನಲ್ಲೇ ಇದೆ. ಅದರ ಮೇಲೆ ಇನ್ನೊಂದು ಬಣ್ಣ ಬಳಿದರೆ ಎರಡೂ ಕೆಡುತ್ತವೆ.

ಇಂಚುಪಟ್ಟಿ ತನ್ನಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಾಕೆಂದರೆ ಎಲ್ಲ ಇರುವುದು ಇಲ್ಲೇ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಈ ಮೂರೂ ಸೇರಿ ಸಮಬಾಹು ತ್ರಿಕೋನ ಆಗಬೇಕು. ಸ್ಪೀಕರ್‌ಗಳ ನಡುವೆ ಎರಡು ಮೀಟರ್ ಇದ್ದರೆ, ಒಂದೊಂದು ಸ್ಪೀಕರಿನಿಂದಲೂ ನಿಮಗೆ ಎರಡು ಮೀಟರ್. ಕಣ್ಣಂದಾಜು ಸಾಲದು, ಅಳೆಯಿರಿ. ಒಂದು ಸ್ಪೀಕರ್ ಹತ್ತು ಸೆಂಟಿಮೀಟರ್ ಹತ್ತಿರವಿದ್ದರೂ ಅದರ ಸದ್ದು ಸುಮಾರು 0.3 ಮಿಲಿಸೆಕೆಂಡ್ ಮೊದಲು ಬರುತ್ತದೆ. ಅಷ್ಟಕ್ಕೇನು ಎನ್ನಬೇಡಿ. ಪೂರ್ತಿ ಪಕ್ಕದಿಂದ ಬಂದ ಸದ್ದಿಗೂ ಒಂದು ಕಿವಿಯಿಂದ ಇನ್ನೊಂದಕ್ಕೆ ಸಿಗುವ ವ್ಯತ್ಯಾಸ 0.7 ಮಿಲಿಸೆಕೆಂಡಿನ ಆಸುಪಾಸು ಮಾತ್ರ. ಹಾಗಾಗಿ ಹತ್ತು ಸೆಂಟಿಮೀಟರ್ ತಪ್ಪಿದರೆ ನಡುವೆ ಇರಬೇಕಾದ ವಾದ್ಯ ಪಕ್ಕಕ್ಕೆ ವಾಲುತ್ತದೆ.

ಸ್ಪೀಕರಿನ ಚಿಕ್ಕ ಘಟಕ, ಅಂದರೆ ಟ್ವೀಟರ್, ಕುಳಿತಾಗ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಶೋಕೇಸಿನ ಮೇಲಿನ ಅರೆಯಲ್ಲಿ, ಟಿ.ವಿ.ಯ ಹಿಂದೆ, ಒಂದನ್ನು ಕಿಟಕಿ ಪಕ್ಕ ಇನ್ನೊಂದನ್ನು ಮೂಲೆಯಲ್ಲಿ, ಹೀಗೆಲ್ಲ ಇಟ್ಟಿದ್ದರೆ ಕೆಳಗಿಳಿಸಿ. ಗಟ್ಟಿಯಾದ ಎರಡು ಸ್ಟೂಲು ಸಾಕು. ಹಿಂದಿನ ಗೋಡೆಯಿಂದ ಸಾಧ್ಯವಾದಷ್ಟು ಮುಂದೆ ತನ್ನಿ. ಒಂದೂವರೆ ಎರಡು ಅಡಿ ಸಿಕ್ಕರೂ ಒಳ್ಳೆಯದೇ. ಮೂಲೆಗೆ ತಳ್ಳಿದಷ್ಟೂ ಬೇಸ್ ಊದಿಕೊಳ್ಳುತ್ತದೆ, ರೀಡೆಲ್ ಮೀಟಿದ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುವುದಿಲ್ಲ.

ವೈರುಗಳನ್ನು ನೋಡಿ. ಆಂಪ್ಲಿಫೈಯರಿನ ಕೆಂಪಿನಿಂದ ಸ್ಪೀಕರಿನ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ, ಎರಡೂ ಕಡೆ ಒಂದೇ ಥರ. ಒಂದು ಕಡೆ ಅದಲುಬದಲಾದರೆ ಹೊಗೆ ಬರುವುದಿಲ್ಲ, ಏನೂ ಸುಡುವುದಿಲ್ಲ. ಆದರೆ ಬೇಸ್ ಬಡವಾಗುತ್ತದೆ, ನಡುವಿನ ಸದ್ದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ರೇಡಿಯೊ ವಾರ್ತೆ ಓದುವ ದನಿ ಹಾಕಿ. ಆ ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಗಾಳಿಯಲ್ಲಿ ನಿಂತಂತೆ ಕೇಳಬೇಕು.

ಕೋಣೆಗೆ ಏನು ಮಾಡುವುದು?

ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರ್ ಎನ್ನುವ ಚೂರು ಸದ್ದು ಬಂದರೆ ಎದುರುಬದುರಿನ ಬೋಳು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ನಮ್ಮ ಮನೆಗಳಲ್ಲಿ ಇದು ಜಾಸ್ತಿ. ನೆಲಕ್ಕೆ ಟೈಲ್ಸ್ ಇಲ್ಲವೇ ಗ್ರಾನೈಟು, ಗೋಡೆಗೆ ಬರೀ ಬಣ್ಣ. ಸ್ಪೀಕರಿಗೂ ನಿಮಗೂ ನಡುವೆ ದಪ್ಪನೆಯ ಜಮಖಾನ ಹಾಸಿ. ನವಲಗುಂದದ ಹತ್ತಿ ಜಮಖಾನ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ, ಎರಡು ಮಡಿಕೆ ಮಾಡಿ ಹಾಸಿದರೆ ಇನ್ನೂ ಚೆನ್ನ. ಕಿಟಕಿಗೆ ಪರದೆ ಎಳೆಯಿರಿ.

ಪಕ್ಕದ ಗೋಡೆಗೆ ಒಂದು ಉಪಾಯ ಇದೆ. ನೀವು ಕೂರುವ ಜಾಗದಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಗೋಡೆಗೆ ತಾಗಿಸಿ ಒಂದು ಚಿಕ್ಕ ಕನ್ನಡಿಯನ್ನು ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ನಿಮಗೆ ಎಲ್ಲಿ ಸ್ಪೀಕರ್ ಕಾಣುತ್ತದೋ, ಸ್ಪೀಕರಿನ ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುವುದು ಅಲ್ಲಿಂದಲೇ. ಅಲ್ಲಿಗೆ ಪುಸ್ತಕದ ಕಪಾಟು ಸರಿಸಿ, ಇಲ್ಲವೇ ಒಂದು ದಪ್ಪ ಕಂಬಳಿ ನೇತುಹಾಕಿ.

ಫ್ಯಾನ್ ಆರಿಸಿ. ಸೆಕೆ ಆಗುತ್ತದೆ, ಗೊತ್ತು. ಆದರೆ ಸ್ಪೋಂಗಾ ಚರ್ಚಿನಲ್ಲಿ ಸ್ಯಾಕ್ಸೊಫೋನ್ ನಿಂತ ಮೇಲೆ ಅದರ ದನಿ ಕಲ್ಲಿನ ಗೋಡೆಗಳ ನಡುವೆ ಕರಗುತ್ತಾ ಹೋಗುತ್ತದಲ್ಲ, ಫ್ಯಾನಿನ ಸದ್ದು ಮೊದಲು ನುಂಗುವುದು ಅದನ್ನೇ. ಬೆಳಗಿನ ಜಾವ ಅಥವಾ ರಾತ್ರಿ ಒಂಬತ್ತರ ಮೇಲೆ, ರಸ್ತೆ ಸುಮ್ಮನಾದಾಗ ಕೇಳಿ.

ವಾಲ್ಯೂಮ್ ಎಷ್ಟು?

ಇವತ್ತಿನ ಹೆಚ್ಚಿನ ಹಾಡುಗಳಲ್ಲಿ ಮೆಲ್ಲಗಿನ ಭಾಗವನ್ನು ಎತ್ತಿ, ಜೋರಿನ ಭಾಗವನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಬಸ್ಸಿನಲ್ಲಿ ಕೇಳಲು ಅದು ಸರಿ. ಇಂಥ ರೆಕಾರ್ಡುಗಳಲ್ಲಿ ಆ ಏರಿಳಿತ ಹಾಗೇ ಉಳಿದಿರುತ್ತದೆ. ಹಾಗಾಗಿ ಮಾಮೂಲಿ ವಾಲ್ಯೂಮಿನಲ್ಲಿ ಮೊದಮೊದಲು ಸದ್ದು ಕಮ್ಮಿ ಅನ್ನಿಸುತ್ತದೆ. ತಕ್ಷಣ ಏರಿಸಬೇಡಿ. 'ಕಾಂಟಾಟೆ ಡೊಮಿನೊ'ದ ಮೊದಲ ಹಾಡಿನಲ್ಲಿ ಆರ್ಗನ್, ಹಿತ್ತಾಳೆ ವಾದ್ಯ, ಗಾಯಕವೃಂದ ಎಲ್ಲ ಒಟ್ಟಿಗೆ ಎದ್ದು ನಿಲ್ಲುವ ಘಟ್ಟವಿದೆ. ಆ ಭಾಗ ಹಾಕಿ. ಜೋರಾಗಿರಬೇಕು, ಆದರೆ ಕರ್ಕಶವಾಗಬಾರದು, ಸ್ಪೀಕರ್ ಗೊರಗುಟ್ಟಬಾರದು. ಅಲ್ಲಿಗೆ ವಾಲ್ಯೂಮ್ ನಿಲ್ಲಿಸಿ, ಮೊದಲಿನಿಂದ ಕೇಳಿ.

ಪಾನ್‌ಶಾಪ್‌ಗೆ ಅಳತೆ ಬೇರೆ. ಅಲ್ಲಿ ಮೇಜಿನ ಸುತ್ತ ಮಾತಾಡುತ್ತಿರುವವರು ನಿಮ್ಮ ಪಕ್ಕದ ಮೇಜಿನವರಷ್ಟೇ ಜೋರಾಗಿ ಕೇಳಬೇಕು. ಅದಕ್ಕಿಂತ ಏರಿಸಿದರೆ ಅವರು ಕೂಗಾಡುತ್ತಿರುವ ಹಾಗಾಗುತ್ತದೆ, ಬ್ಯಾಂಡ್ ಮೈಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಆರ್ಗನ್ನಿನ 16 ಅಡಿ ಕೊಳವೆಯ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 33 ಕಂಪನ. ಪುಸ್ತಕದ ಕಪಾಟಿನಲ್ಲಿ ಕೂರುವ ಚಿಕ್ಕ ಸ್ಪೀಕರ್‌ಗಳ ಸದ್ದು 50–60ರ ಕೆಳಗೆ ಬೇಗ ಇಳಿದುಹೋಗುತ್ತದೆ. ಆ ತಳ ನಿಮಗೆ ಸಿಗದಿದ್ದರೆ ಬೇಸರ ಬೇಡ, ಬೇಸ್ ನಾಬ್ ತಿರುಗಿಸಲೂ ಬೇಡಿ. ಚರ್ಚಿನ ಅಗಲ, ಎತ್ತರ ತಿಳಿಯಲು ಉಳಿದ ಸದ್ದೇ ಸಾಕು.

ಕೇಳುವ ಕ್ರಮ

'ಆಂಟಿಫೋನ್ ಬ್ಲೂಸ್'ನಿಂದ ಶುರು ಮಾಡಿ. ಹೆಸರು ಹೆಚ್ಚು ಪಾನ್‌ಶಾಪ್‌ಗೆ ಬಂದಿದೆ, ನನಗೆ ಮಾತ್ರ ಇದೇ ಮೇಲು. ಅಮೆರಿಕದ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಬರೆದ 'ಆಲ್ಮೈಟಿ ಗಾಡ್' ಇದರಲ್ಲಿದೆ. ಕಣ್ಣು ಮುಚ್ಚಿ ಸ್ಯಾಕ್ಸೊಫೋನ್ ಎಷ್ಟು ದೂರದಲ್ಲಿದೆ ಎಂದು ಗುರುತಿಸಿ. ಆರ್ಗನ್ ಅದಕ್ಕಿಂತ ಹಿಂದೆಯೋ ಮುಂದೆಯೋ ನೋಡಿ. ಡೊಮ್ನೇರುಸ್ ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಚರ್ಚು ಅದನ್ನು ಹಿಡಿದುಕೊಂಡಿರುತ್ತದೆ. ಮುಂದಿನ ಸ್ವರವನ್ನು ಅವರು ಆ ಉಳಿದ ದನಿಯ ಮೇಲೇ ಇಡುತ್ತಾರೆ. ಜಾಗದ ಜೊತೆ ನುಡಿಸುವುದು ಅಂದರೆ ಇದು.

ಆಮೇಲೆ ಪಾನ್‌ಶಾಪ್. ಒಂದು ಹಾಡನ್ನು ಬರೀ ಬೇಸ್‌ಗಾಗಿ ಕೇಳಿ, ಅದನ್ನೇ ಮತ್ತೆ ಪಿಯಾನೊಗಾಗಿ ಕೇಳಿ. ಇದು ಜಾಝ್ ಚರಿತ್ರೆಯನ್ನು ತಿರುಗಿಸಿದ ಬ್ಯಾಂಡ್ ಅಲ್ಲ. ಹಳೆಯ ಹಾಡುಗಳನ್ನು ಒಬ್ಬರಿಗೊಬ್ಬರು ಒಗ್ಗಿಕೊಂಡು ನುಡಿಸುವ ನಾಲ್ಕೈದು ಜನ. ಆದರೆ ಹಾಲ್‌ಬರ್ಗ್ ಇದ್ದಾರಲ್ಲ, ಅವರು ಬಿಡುವ ಖಾಲಿ ಜಾಗಗಳನ್ನು ಗಮನಿಸಿ, ಎಲ್ಲೂ ಒಂದು ಸ್ವರ ಜಾಸ್ತಿ ಇಲ್ಲ. 'ಟೇಕ್ ಫೈವ್' ಬಂದಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ. ಐದರ ಲೆಕ್ಕ. ಖಂಡಚಾಪು ಬಲ್ಲವರಿಗೆ ಕೈ ತಾನಾಗೇ ಹೋಗುತ್ತದೆ, ಆದರೆ ನಮ್ಮದು ಎರಡು ಮತ್ತು ಮೂರು, ಅವರದು ಮೂರು ಮತ್ತು ಎರಡು.

ಹೆಡ್‌ಫೋನ್ ಮಾತ್ರ ಇರುವವರು ವೈರ್ ಇರುವುದನ್ನೇ ಹಾಕಿಕೊಳ್ಳಿ. ಸಣ್ಣ ಸಣ್ಣ ಸದ್ದು ಚೆನ್ನಾಗಿ ಸಿಗುತ್ತವೆ. ಬ್ಯಾಂಡ್ ಎದುರಿಗಿರುವ ಬದಲು ತಲೆಯೊಳಗೇ ಕೂತ ಹಾಗಿರುತ್ತದೆ, ಅದು ಹೆಡ್‌ಫೋನಿನ ಸ್ವಭಾವ.

ನೀವೇ ಒಂದು ರೆಕಾರ್ಡ್ ಮಾಡಿ

ಎರಡು ಮೈಕಿನ ಗುಟ್ಟು ಪೂರ್ತಿ ತಿಳಿಯುವುದು ಕೈಯಾರೆ ಮಾಡಿದಾಗ. ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಮನೆ ಕಛೇರಿಗಳು ನಡೆಯುತ್ತಲೇ ಇರುತ್ತವೆ. ಕಲಾವಿದರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಮೈಕ್ ಸಿಸ್ಟಮ್ ಇಲ್ಲದ ಕಛೇರಿಯಾದರೆ ಬಹಳ ಒಳ್ಳೆಯದು. ಫ್ರೆಂಚ್ ರೇಡಿಯೊದವರು ರೂಢಿಗೆ ತಂದ ಒಂದು ಅಳತೆ ಇದೆ: ಎರಡು ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ಸದ್ದನ್ನು ಹಿಡಿಯುವಂಥವು), ಮೈಕ್‌ಗಳ ತಲೆಗಳ ನಡುವೆ 17 ಸೆಂಟಿಮೀಟರ್, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ತಿರುಗಿ ನಡುವಿನ ಕೋನ 110 ಡಿಗ್ರಿ. ಮೈಕ್ ಇಲ್ಲದವರಿಗೆ ಸ್ಟೀರಿಯೊ ಮೈಕ್ ಒಳಗೇ ಇರುವ ಕೈಹಿಡಿ ರೆಕಾರ್ಡರ್ ಸಾಕು.

ಸ್ಟ್ಯಾಂಡನ್ನು ಹಾಡುವವರ ಎದುರಿಗೆ ಆರೇಳು ಅಡಿ ದೂರದಲ್ಲಿ, ಕೂತವರ ತಲೆಗಿಂತ ಸ್ವಲ್ಪ ಮೇಲೆ ನಿಲ್ಲಿಸಿ. ಮೃದಂಗ ಜೋರಾಗಿ ಬಂದ ಕಡೆ ಮೀಟರ್ ಕೆಂಪು ಮುಟ್ಟದಷ್ಟು ಮಟ್ಟ ಇಡಿ. ಆಮೇಲೆ ಮುಟ್ಟಲೇ ಬೇಡಿ. ಮನೆಗೆ ಬಂದು ಆ ಅಳೆದಿಟ್ಟ ಸ್ಪೀಕರ್‌ಗಳಲ್ಲಿ ಹಾಕಿ. ರೂಢಿಯ ಹಾಗೆ ಕೂತಿದ್ದರೆ ಮೃದಂಗ ಎಡಕ್ಕೆ, ಪಿಟೀಲು ಬಲಕ್ಕೆ, ಹಾಡುವವರು ನಡುವೆ, ತಂಬೂರಿ ಅವರ ಬೆನ್ನ ಹಿಂದೆ ಕೇಳಬೇಕು. ಹಾಡುಗಾರರು ದೂರ ಹೋದಂತೆ, ಕೋಣೆಯೇ ಜಾಸ್ತಿ ಬಂದಂತೆ ಅನ್ನಿಸಿದರೆ ಮುಂದಿನ ಸಲ ಸ್ಟ್ಯಾಂಡ್ ಒಂದು ಅಡಿ ಮುಂದಿಡಿ. ಮೃದಂಗ ಎಲ್ಲರನ್ನೂ ಮುಚ್ಚಿದ್ದರೆ ಮೈಕ್‌ಗಳನ್ನು ಇನ್ನಷ್ಟು ಮೇಲೇರಿಸಿ, ಸ್ಟ್ಯಾಂಡನ್ನು ಪಿಟೀಲಿನ ಕಡೆಗೆ ಅರ್ಧ ಅಡಿ ಸರಿಸಿ.